ಹಿತ್ತಿಲ ಕೊಳ

ಮನೆಯ ಹಿಂದೆ ಹತ್ತು ಮೊಳ ನೆಲವುಳ್ಳವರಿಗೆ, ಅಲ್ಲೊಂದು ಕೊಳವನ್ನು ತೋಡಿ, ನೈದಿಲೆಯನ್ನು ನೆಟ್ಟು, ನಾಲ್ಕು ಮೀನುಗಳನ್ನು ಬಿಟ್ಟು, ಸಂಜೆಯ ಹೊತ್ತು ಅದರ ದಡದಲ್ಲಿ ಕುಳಿತಿರಬೇಕೆಂಬ ಆಸೆಯು ಒಮ್ಮೆಯಾದರೂ ಹುಟ್ಟದೆ ಇರದು. ಆಸೆಯು ಯೋಗ್ಯವಾದುದೇ. ಆದರೆ ಆಸೆ ಹುಟ್ಟಿದ ದಿನವೇ ಗುದ್ದಲಿಯನ್ನು ಹಿಡಿಯುವವರನ್ನು ಕಂಡರೆ ನಮಗೆ ಭಯವಾಗುತ್ತದೆ. ಹರಿಯುವ ನೀರಿನ ಹೊಣೆಯನ್ನು ಹೊಳೆಯೇ ಹೊರುತ್ತದೆ. ನಿಂತ ನೀರಿನ ಹೊಣೆಯು ಅದನ್ನು ನಿಲ್ಲಿಸಿದವನದು. ಈ ಒಂದು ಮಾತನ್ನು ವಾಚಕ ಮಹಾಶಯರ ಮನಸ್ಸಿಗೆ ತರುವುದೇ ನಮ್ಮ ಉದ್ದೇಶವು.

ಹಂಪೆಯ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಕೊಳವನ್ನು ಅನೇಕರು ನೋಡಿರಬಹುದು. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಸೇರತಕ್ಕುದೆಂಬ ಗುರುತುಗಳನ್ನು ಶಿಲ್ಪಿಗಳು ಅದರ ಕಲ್ಲುಗಳ ಮೇಲೆಯೇ ಕೊರೆದಿದ್ದಾರೆ. ಅಂದರೆ ಆ ಕೊಳವು ನೆಲದಲ್ಲಿ ಮೂಡುವುದಕ್ಕೆ ಮೊದಲೇ ಕಟ್ಟುವವರ ಮನಸ್ಸಿನಲ್ಲಿ ಪೂರ್ಣವಾಗಿ ಮೂಡಿದ್ದಿತು. ನೀರನ್ನು ತರುವುದಕ್ಕೆ ಕಲ್ಲಿನ ಕಾಲುವೆಯೂ ಏರ್ಪಟ್ಟಿದ್ದಿತು. ಅರಸರ ಕೊಳಕ್ಕೆ ಬೇಕಾದ ವಿವೇಕವು ಸಂಸಾರಿಯ ಹಿತ್ತಿಲಿಗೆ ಬೇಡವೆ?

ಮೊದಲನೆಯ ವಿಚಾರವು ಸ್ಥಳದ್ದು. ನೈದಿಲೆ, ತಾವರೆಗಳು ಹೂಬಿಡಬೇಕಾದರೆ ದಿನಕ್ಕೆ ಐದಾರು ಗಂಟೆಗಳ ಬಿಸಿಲು ಅವಶ್ಯ. ಮರದ ಕೆಳಗೆ ಕೊಳವನ್ನು ತೋಡಿದರೆ ಬಿಸಿಲೂ ತಪ್ಪುವುದು, ಉದುರಿದ ಎಲೆಗಳು ಕೊಳೆತು ನೀರು ಕೆಡುವುದು, ಬೇರುಗಳು ಗೋಡೆಯನ್ನು ಸೀಳುವುವು. ಹಿತ್ತಿಲ ನೀರೆಲ್ಲ ಹರಿದು ಸೇರುವ ತಗ್ಗೂ ಸಲ್ಲದು, ಪಾಯಿಖಾನೆಯ ಗುಂಡಿಯ ನೆರೆಯೂ ಸಲ್ಲದು.

ಎರಡನೆಯದು ಅಳತೆ. ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡು ಅಡಿ ಆಳದ ಕೊಳವು ಸಾಮಾನ್ಯ ಸಂಸಾರಕ್ಕೆ ಸಾಕು. ಒಂದು ಉದ್ದದ ಬದಿಯಲ್ಲಿ ಒಂಬತ್ತು ಅಂಗುಲ ಆಳಕ್ಕೆ ಒಂದು ಅಡಿ ಅಗಲದ ಮೆಟ್ಟಿಲನ್ನು ಬಿಟ್ಟುಕೊಂಡರೆ ಬಜೆಯಂತಹ ಗಿಡಗಳಿಗೆ ಸ್ಥಳವಾಯಿತು. ಜಾರಿ ಬಿದ್ದ ಓತಿಗೋ ಬೆಕ್ಕಿನ ಮರಿಗೋ ಹತ್ತಿ ಬರಲು ದಾರಿಯಾಯಿತು. ಇದರಲ್ಲಿ ಹಿಡಿಯುವ ನೀರು ಸುಮಾರು 2,000 ಲೀಟರು. ಸಾವಿರ ಚದರಡಿ ಮಾಳಿಗೆಯ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ ದೊರೆಯುವ ನೀರು 2,300 ಲೀಟರು. ಮೊದಲ ಮಳೆಯ ಕೊಳೆಯನ್ನು ಹೊರಗೆ ಹರಿಯಬಿಟ್ಟು, ಅನಂತರದ ಒಂದು ಒಳ್ಳೆಯ ಮಳೆಯಿಂದಲೇ ಕೊಳವನ್ನು ತುಂಬಬಹುದು. ಬೇಸಗೆಯಲ್ಲಿ ಆವಿಯಾಗಿ ಹೋಗುವ ನೀರಿಗೆ ದಿನಕ್ಕೆ ಒಂದೆರಡು ಬಿಂದಿಗೆಗಳನ್ನು ಸುರಿದರೆ ಸಾಕು. ಅಂಚಿನ ಮಟ್ಟವನ್ನು ಮಾತ್ರ ನೇರವಾದ ಹಲಗೆಯ ಮೇಲೆ ರಸಮಟ್ಟವನ್ನಿಟ್ಟು ನೋಡತಕ್ಕುದು. ಮನುಷ್ಯನ ಕಣ್ಣು ಸುಳ್ಳು ಹೇಳೀತು, ನೀರು ಹೇಳದು. ಒಂದು ಅಂಗುಲದ ತಪ್ಪನ್ನು ಅದು ಕೊಳವಿರುವವರೆಗೂ ಎತ್ತಿ ತೋರಿಸುತ್ತಿರುವುದು.

ಇನ್ನು ಕಟ್ಟುವ ಬಗೆ. ಎರೆಯ ಭೂಮಿಯು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ತೆಳುವಾದ ಗಾರೆಯು ಅಲ್ಲಿ ನಿಲ್ಲದು. ದಪ್ಪನೆಯ ಪ್ಲಾಸ್ಟಿಕ್ ಹಾಳೆಯೇ ಲೇಸು. ಮೇಲೆ ಹೇಳಿದ ಕೊಳಕ್ಕೆ, ಆಳವನ್ನೂ ಸುತ್ತಲಿನ ಒಂದೊಂದು ಅಡಿ ಅಂಚನ್ನೂ ಸೇರಿಸಿ, 14 ಅಡಿಗೆ 11 ಅಡಿಯ ಹಾಳೆ ಬೇಕಾಗುವುದು. ಗಟ್ಟಿಯಾದ ಕೆಂಪು ನೆಲದಲ್ಲಿ ಇಟ್ಟಿಗೆ, ಸಿಮೆಂಟುಗಳಿಂದ ಕಟ್ಟಬಹುದು. ಆದರೆ ಇಲ್ಲಿ ನಮ್ಮದೇ ಅವಿವೇಕವನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಹಿತ್ತಿಲ ಕೊಳದ ಗಾರೆಯು ಆರಿದ ಮರುದಿನವೇ ನೀರು ತುಂಬಿಸಿ ಮೀನು ಬಿಟ್ಟೆವು. ಬೆಳಗಾಗುವುದರೊಳಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದುವು. ಹೊಸ ಸಿಮೆಂಟಿನಿಂದ ಹೊರಡುವ ಸುಣ್ಣದ ಕ್ಷಾರವು ಅವುಗಳನ್ನು ಕೊಂದಿದ್ದಿತು. ಕೆಲವು ವಾರಗಳ ಕಾಲ ನೀರು ತುಂಬಿಸಿ, ನಿಲ್ಲಿಸಿ, ಉಜ್ಜಿ ತೊಳೆದು, ಚೆಲ್ಲಿ, ಮತ್ತೆ ತುಂಬಿಸಿದ ಮೇಲೆಯೇ ಜೀವಿಗಳನ್ನು ಬಿಡತಕ್ಕುದು. ತಿಳಿಯದೆ ಮಾಡಿದೆವೆಂದರೆ ಸತ್ತ ಮೀನು ಬದುಕಿ ಬಂದೀತೆ?

ಎಲ್ಲಕ್ಕಿಂತ ಗುರುತರವಾದ ವಿಚಾರವು ಸೊಳ್ಳೆ. 1883ರಲ್ಲಿ ಬೆಂಗಳೂರಿನಲ್ಲಿ ದಂಡಿನ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು, ತಮ್ಮ ಬಂಗಲೆಯ ಸೊಳ್ಳೆಗಳೆಲ್ಲ ಹೊರಗಿನ ನೀರಿನ ಪೀಪಾಯಿಯಿಂದ ಏಳುತ್ತಿರುವುದನ್ನು ಕಂಡು ಅದನ್ನು ಚೆಲ್ಲಿಸಿ ಕಾಟವನ್ನು ತಗ್ಗಿಸಿಕೊಂಡರು. ಅವರೇ 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯೊಳಗೆ ಕಂಡುಹಿಡಿದರು. ಮೊಟ್ಟೆಯು ಸೊಳ್ಳೆಯಾಗಿ ಹಾರಲು ನಮ್ಮ ಸೆಕೆಯಲ್ಲಿ ಏಳರಿಂದ ಹತ್ತು ದಿನಗಳು ಸಾಕು. ನೀರು ನಿರ್ಮಲವಾಗಿದೆಯೆಂಬ ಸಮಾಧಾನವು ಸಲ್ಲದು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗೆ ತಿಳಿನೀರೇ ಪ್ರಿಯವಾದುದು. ಆದುದರಿಂದ ಮೀನಿಲ್ಲದ ಕೊಳವನ್ನು ಒಂದು ವಾರವೂ ಇಡಬಾರದು. ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ ಮೀನುಗಳು ಈ ಕೆಲಸವನ್ನು ಚೆನ್ನಾಗಿ ಮಾಡುವುವು. ಆದರೆ ಅವು ಪರದೇಶದವು. ಹೆಚ್ಚಾದವುಗಳನ್ನು ಊರ ಕೆರೆಗೆ ಬಿಟ್ಟು ಅಲ್ಲಿನ ಮೀನುಗಳಿಗೆ ಕುತ್ತು ತರಬಾರದು. ಅಂತರಗಂಗೆಯನ್ನಂತೂ ಒಳಗೆ ಬಿಡಲೇ ಕೂಡದು. ಅದು ನೀರನ್ನೆಲ್ಲ ಮುಚ್ಚಿಬಿಡುವುದಲ್ಲದೆ, ಆನೆಕಾಲು ರೋಗವನ್ನು ಹರಡುವ ಒಂದು ಬಗೆಯ ಸೊಳ್ಳೆಯ ಮರಿಗಳು ಅದರ ಬೇರುಗಳಿಗೆ ಅಂಟಿಕೊಂಡು ಬೆಳೆಯುವುವು. ನಮ್ಮ ಹಿತ್ತಿಲ ಸೊಳ್ಳೆಯು ನಮ್ಮ ಬೇಲಿಯನ್ನು ಗೌರವಿಸದು. ನೆರೆಮನೆಯ ಕೂಸಿನ ಜ್ವರಕ್ಕೂ ನಾವೇ ಉತ್ತರವಾದಿಗಳು.

ಕೂಸಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಬಿಡಲಾರೆವು. ನಡೆಯಲು ಕಲಿತ ಶಿಶುವಿಗೆ ಗೇಣುದ್ದ ನೀರೂ ಮೃತ್ಯುವಾಗಬಲ್ಲದು, ಅದೂ ಸದ್ದಿಲ್ಲದೆ. ಚಿಕ್ಕ ಮಕ್ಕಳು ಓಡಾಡುವ ಮನೆಯಲ್ಲಿ ಕೊಳದ ಬಾಯಿಗೆ ಗಟ್ಟಿಯಾದ ಕಬ್ಬಿಣದ ಜಾಲರಿಯನ್ನು ಹಾಸಿ ಬಿಗಿಯುವುದು ಅಲಂಕಾರಕ್ಕೆ ಕುಂದೆಂದು ಯಾರೂ ಭಾವಿಸಬಾರದು. ನೈದಿಲೆಯು ಜಾಲರಿಯ ಕಿಂಡಿಯಿಂದಲೂ ಅರಳುವುದು.

ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಬಸ್ಸುಗಳು ನಿಲ್ಲುತ್ತಿವೆ. ಸಂಪಂಗಿ ಕೆರೆಯಿದ್ದಲ್ಲಿ ಕ್ರೀಡಾಂಗಣವು ಎದ್ದಿದೆ. ಹಿತ್ತಿಲ ಕೊಳಗಳು ಆ ನಷ್ಟವನ್ನು ತುಂಬಲಾರವು. ಆದರೆ ಎಂಟು ಅಡಿಯ ನೀರನ್ನು ವರ್ಷವಿಡೀ ಶುಚಿಯಾಗಿಟ್ಟುಕೊಂಡ ಗೃಹಸ್ಥನಿಗೆ, ಒಂದು ಕೆರೆಯನ್ನು ಕಾಯಲು ಎಷ್ಟು ಕೈಗಳು ಬೇಕೆಂಬುದು ಯಾರೂ ಹೇಳದೆಯೇ ತಿಳಿಯುವುದು. ಅಷ್ಟು ಹೊಣೆಯನ್ನು ಹೊರಲು ಬಿಡುವಿಲ್ಲದವರು ಅದೇ ನೆಲದಲ್ಲಿ ಒಂದು ಮಲ್ಲಿಗೆಯ ಬಳ್ಳಿಯನ್ನು ನೆಡಲಿ. ಅದರಲ್ಲಿ ಅವಮಾನವೇನೂ ಇಲ್ಲ.