ಸುರಂಗದಾಚೆಯ ಸಂತ್ ಕುಗಾತ್

ಬಾರ್ಸಿಲೋನಾ ನಗರಕ್ಕೆ ಒಂದು ಕಡೆ ಸಮುದ್ರ, ಬೆನ್ನಿಗೆ ಕೋಲ್ಸೆರೋಲಾ ಎಂಬ ಬೆಟ್ಟಸಾಲು. ಆ ಬೆಟ್ಟ ದಾಟಿದರೆ ಸಿಗುವ ಊರು ಸಂತ್ ಕುಗಾತ್ ದೆಲ್ ವಾಯೆಸ್. ಸ್ಪೇನ್‌ನ ಹೆಚ್ಚು ವರಮಾನದ ಪಟ್ಟಣಗಳ ಪಟ್ಟಿಯಲ್ಲಿ, ಮ್ಯಾಡ್ರಿಡ್ ಸುತ್ತಲಿನ ಶ್ರೀಮಂತ ಉಪನಗರಗಳ ಜೊತೆಗೆ, ಮೇಲಿನ ಸಾಲಿನಲ್ಲೇ ಕಾಣುವ ಹೆಸರು ಇದು. ಜನಸಂಖ್ಯೆ 95 ಸಾವಿರಕ್ಕೂ ಹೆಚ್ಚು. ಒಂದು ಶತಮಾನದ ಹಿಂದೆ ಇದು ದ್ರಾಕ್ಷಿ ಬೆಳೆಯುವ ರೈತರ ಸಣ್ಣ ಹಳ್ಳಿಯಾಗಿತ್ತು ಎಂದರೆ ಇಂದಿನ ಬಂಗಲೆಗಳ ಸಾಲು ನೋಡಿದವರು ನಂಬಲಿಕ್ಕಿಲ್ಲ.

ಊರು ಹುಟ್ಟಿದ್ದು ಒಂದು ಕ್ರೈಸ್ತ ಮಠದ ನೆರಳಿನಲ್ಲಿ. ನಾಲ್ಕನೇ ಶತಮಾನದ ಆರಂಭದಲ್ಲಿ ರೋಮನ್ ಕೋಟೆಯೊಂದರ ಬಳಿ ಕುಗಾತ್ ಎಂಬ ಸಂತನನ್ನು ಕೊಲ್ಲಲಾಯಿತು ಎಂಬುದು ಪ್ರತೀತಿ. ಅದೇ ಜಾಗದಲ್ಲಿ ಮುಂದೆ ಬೆನೆಡಿಕ್ಟೈನ್ ಸನ್ಯಾಸಿಗಳ ಮಠ ಎದ್ದಿತು. 985ರಲ್ಲಿ ಅಲ್ ಮನ್ಸೂರ್‌ನ ಸೇನೆ ಅದನ್ನು ನಾಶ ಮಾಡಿತು. ಮತ್ತೆ ಕಟ್ಟಿದರು.

ಈ ಮಠದ ಹೆಮ್ಮೆ ಅದರ ಒಳಾಂಗಣ. ನಾಲ್ಕೂ ಕಡೆ ಜೋಡಿ ಕಂಬಗಳ ಪಡಸಾಲೆ. ಕಂಬಗಳ ಮೇಲೆ 144 ಬೋದಿಗೆಗಳು. ಬೈಬಲ್ಲಿನ ಕತೆ, ಎಲೆಬಳ್ಳಿ, ವಿಚಿತ್ರ ಪ್ರಾಣಿಗಳನ್ನು ಅವುಗಳಲ್ಲಿ ಕೆತ್ತಲಾಗಿದೆ. ಹನ್ನೆರಡನೇ ಶತಮಾನದ ಕೊನೆಯಲ್ಲಿ ಕೆಲಸ ಆರಂಭಿಸಿದ ಶಿಲ್ಪಿ ಅರ್ನಾವ್ ಕದೆಲ್. ಮೂಲೆಯ ಒಂದು ಬೋದಿಗೆಯಲ್ಲಿ ಉಳಿ ಹಿಡಿದು ಬೋದಿಗೆಯನ್ನೇ ಕೆತ್ತುತ್ತಿರುವ ತನ್ನ ಆಕೃತಿಯನ್ನು ಆತ ಬಿಟ್ಟುಹೋಗಿದ್ದಾನೆ. ಪಕ್ಕದ ಕಲ್ಲಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಹೆಸರೂ ಇದೆ. ಶಿಲ್ಪಿಗಳು ಹೆಸರಿಲ್ಲದೆ ದುಡಿದು ಹೋಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

ಮಠ ಬಹು ದೊಡ್ಡ ಭೂಮಾಲೀಕನೂ ಆಗಿತ್ತು. 1350ರ ಕ್ರಿಸ್‌ಮಸ್ ರಾತ್ರಿ, ಪೂಜೆ ನಡೆಯುತ್ತಿದ್ದಾಗಲೇ, ಮಠಾಧಿಪತಿ ಬಿಯೂರೆಯ ಕೊಲೆಯಾಯಿತು. ಕೊಂದವನು ಬೆರೆಂಗೆರ್ ದೆ ಸಾಲ್ತೆಲ್ಸ್. ತಂದೆಯ ಆಸ್ತಿ ತನಗೆ ಸಿಗದೆ ಮಠದ ಪಾಲಾಯಿತು ಎಂಬುದೇ ಅವನ ಸಿಟ್ಟಿಗೆ ಕಾರಣ. ಈ ನೆಲದ ಬೆಲೆ ಜಗಳಕ್ಕೆ ಕಾರಣವಾಗುವುದು ಹೊಸತೇನಲ್ಲ ಎನ್ನಬೇಕು. 1835ರಲ್ಲಿ ಸನ್ಯಾಸಿಗಳು ಮಠ ತೊರೆಯಬೇಕಾಯಿತು, ಕಟ್ಟಡ ಲೂಟಿಯಾಯಿತು. 1931ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಬೆಟ್ಟದಾಚೆಯ ಹಳ್ಳಿಯನ್ನು ನಗರಕ್ಕೆ ಹತ್ತಿರ ತಂದದ್ದು ರೈಲು. ಫ್ರೆಡ್ ಪಿಯರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ ಬಾರ್ಸಿಲೋನಾಕ್ಕೆ ವಿದ್ಯುತ್ ಒದಗಿಸುವ ಕಂಪನಿ ಕಟ್ಟಿದ್ದಲ್ಲದೆ ಬೆಟ್ಟ ಕೊರೆದು ರೈಲು ಹಾಕಿಸುವ ಕೆಲಸಕ್ಕೂ ಕೈಹಾಕಿದ. 1915ರಲ್ಲಿ ಲೂಸಿಟಾನಿಯಾ ಹಡಗು ಮುಳುಗಿದಾಗ ಆತ ಅದರಲ್ಲಿದ್ದ. 1917ರಲ್ಲಿ ಸಂತ್ ಕುಗಾತ್‌ಗೆ ಬಂದ ರೈಲನ್ನು ಅವನು ನೋಡಲಿಲ್ಲ. ಅವನ ಜೊತೆ ಬಂದಿದ್ದ ವಿದೇಶಿ ಎಂಜಿನಿಯರ್‌ಗಳಿಗೆ ಮಾತ್ರ ಬಿಡುವಿನ ವೇಳೆಗೆ ಗಾಲ್ಫ್ ಬೇಕಿತ್ತು. 1914ರಲ್ಲಿ ಆರಂಭವಾದ ಅವರ ಮೈದಾನ ಇಂದಿಗೂ ಊರಿನ ಪ್ರತಿಷ್ಠಿತ ಕ್ಲಬ್.

ರೈತರ ಕಡೆಗೆ ನೋಡಿದರೆ ಕತೆ ಬೇರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಕೀಟ ದ್ರಾಕ್ಷಿ ತೋಟಗಳನ್ನು ತಿಂದುಹಾಕಿತ್ತು. ಉಳಿದವರು ಸಹಕಾರ ಸಂಘ ಕಟ್ಟಿಕೊಂಡು 1921ರಲ್ಲಿ ವೈನ್ ತಯಾರಿಕೆಗೆ ಇಟ್ಟಿಗೆಯ ಸುಂದರ ಕಟ್ಟಡ ಎಬ್ಬಿಸಿದರು. ವಾಸ್ತುಶಿಲ್ಪಿ ಸೆಸಾರ್ ಮಾರ್ತಿನೆಲ್, ಪ್ರಸಿದ್ಧ ಗೌಡಿಯ ಶಿಷ್ಯ. ತೋಟಗಳು ಬಡಾವಣೆಗಳಾದ ಮೇಲೆ ಕಟ್ಟಡಕ್ಕೆ ದ್ರಾಕ್ಷಿ ತರುವವರೇ ಇಲ್ಲವಾದರು. ಈಗ ಅದು ವಸ್ತುಸಂಗ್ರಹಾಲಯ.

1991ರಲ್ಲಿ ವಾಲ್‌ವಿದ್ರೇರಾ ರಸ್ತೆ ಸುರಂಗ ತೆರೆದದ್ದು ಕೊನೆಯ ತಳ್ಳು. ಸುಂಕ ಕೊಟ್ಟರೆ ಬೆಟ್ಟ ಸುತ್ತುವ ತೊಂದರೆಯಿಲ್ಲ. ಹ್ಯೂಲೆಟ್ ಪ್ಯಾಕರ್ಡ್, ಶಾರ್ಪ್‌ನಂಥ ಕಂಪನಿಗಳು ಅದಕ್ಕೂ ಮುನ್ನವೇ ಬಂದಿದ್ದವು. ಹೊರನಾಡಿನ ನೌಕರರ ಮಕ್ಕಳಿಗಾಗಿ ಶಾಲೆಗಳೂ ಬಂದವು. ಬಾರ್ಸಿಲೋನಾದ ಜಪಾನಿ ಶಾಲೆ ಇರುವುದು ಇಲ್ಲಿಯೇ. ಶಾರ್ಪ್‌ನ ಕಾರ್ಖಾನೆ ಈಗಿಲ್ಲ. ವಾಸ್ತುಶಿಲ್ಪ ಕಾಲೇಜು, ಎಸಾದೆ ವ್ಯವಹಾರ ಶಾಲೆಯ ಆವರಣ ಇವೂ ಇದೇ ಊರಿನಲ್ಲಿವೆ.

ಶಾಲೆಗಳಲ್ಲೆಲ್ಲ ಭಿನ್ನವಾದದ್ದು ಕ್ರೀಡಾ ಕೇಂದ್ರದೊಳಗಿನ ಶಾಲೆ. 1992ರ ಒಲಿಂಪಿಕ್ಸ್ ಬಾರ್ಸಿಲೋನಾಕ್ಕೆ ಸಿಕ್ಕಿತು. ಆದರೆ ಆತಿಥೇಯ ದೇಶದ ಪದಕದ ಪೆಟ್ಟಿಗೆ ಹೆಚ್ಚುಕಡಿಮೆ ಖಾಲಿ. 1988ರ ಸೋಲ್ ಕೂಟದಲ್ಲಿ ಸ್ಪೇನ್ ಗೆದ್ದದ್ದು ನಾಲ್ಕೇ ಪದಕ. ಅದಕ್ಕೂ ಒಂದು ವರ್ಷ ಮೊದಲು, 1987ರಲ್ಲಿ, ಉನ್ನತ ಸಾಧನೆಯ ತರಬೇತಿ ಕೇಂದ್ರ ಸಂತ್ ಕುಗಾತ್‌ನಲ್ಲಿ ಆರಂಭವಾಗಿತ್ತು. ಈಜುಕೊಳ, ಜಿಮ್ನಾಸ್ಟಿಕ್ಸ್ ಅಂಗಣ, ಓಟದ ಪಥ, ವೈದ್ಯರು, ವಸತಿ, ತರಗತಿ ಎಲ್ಲ ಒಂದೇ ಆವರಣದಲ್ಲಿ. ತವರಿನ ಕೂಟದಲ್ಲಿ ಸ್ಪೇನ್ 13 ಚಿನ್ನ ಸೇರಿ 22 ಪದಕ ಪಡೆಯಿತು. ಎಲ್ಲ ಶ್ರೇಯವೂ ಈ ಕೇಂದ್ರದ್ದಲ್ಲ, ದೇಶವ್ಯಾಪಿ ಹಣದ ನೆರವೂ ಇತ್ತು. ಆದರೆ ದಾರಿ ಸಿಕ್ಕಿತ್ತು.

ಹದಿಮೂರು ಹದಿನಾಲ್ಕರ ವಯಸ್ಸಿಗೆ ಮನೆ ಬಿಟ್ಟು ಇಲ್ಲಿ ನೆಲೆಸುವ ಮಕ್ಕಳಿದ್ದಾರೆ. ಅಭ್ಯಾಸದ ನಡುವೆ ಪಾಠ. ಪಾಠದ ವೇಳಾಪಟ್ಟಿ ಅಭ್ಯಾಸಕ್ಕೆ ಹೊಂದಿಕೊಳ್ಳುತ್ತದೆ, ಅಭ್ಯಾಸ ಪಾಠಕ್ಕಲ್ಲ. ಇಲ್ಲಿ ಪಳಗಿದ ಈಜುಗಾರ್ತಿ ಮಿರೇಯಾ ಬೆಲ್ಮೊಂತೆ 2012ರಲ್ಲಿ ಎರಡು ಬೆಳ್ಳಿ, 2016ರ ರಿಯೊ ಕೂಟದ 200 ಮೀಟರ್ ಬಟರ್‌ಫ್ಲೈನಲ್ಲಿ ಚಿನ್ನ ಗೆದ್ದರು. ಒಲಿಂಪಿಕ್ ಈಜಿನಲ್ಲಿ ಚಿನ್ನ ಪಡೆದ ಮೊದಲ ಸ್ಪ್ಯಾನಿಷ್ ಮಹಿಳೆ ಅವರು. ಅಂಥವರು ಬೆರಳೆಣಿಕೆ. ಪಕ್ಕದ ಕೊಠಡಿಯಲ್ಲಿ ಇದ್ದು, ಗಾಯಗೊಂಡೋ ಒಂದೆರಡು ಸೆಕೆಂಡು ಹಿಂದುಳಿದೋ ಹೊರನಡೆದ ಹುಡುಗ ಹುಡುಗಿಯರಿಗೆ ಕೈಯಲ್ಲಿ ಉಳಿಯುವುದು ಆ ತರಗತಿಯ ಅಂಕಪಟ್ಟಿಯೇ. ಶಾಲೆಯನ್ನು ಈಜುಕೊಳದ ಪಕ್ಕದಲ್ಲೇ ಇಟ್ಟಿದ್ದು ಅದಕ್ಕಾಗಿ.