ಹಿತ್ತಿಲ ವರ್ಕ್‌ಶಾಪಿಗೆ ಹಳೆಯ ಎ.ಸಿ.

ಏಪ್ರಿಲ್ ತಿಂಗಳು ಬಂತೆಂದರೆ ಪರೀಕ್ಷೆಗಳು ಮುಗಿದು ಪುಸ್ತಕಗಳು ಅಟ್ಟ ಸೇರಿರುತ್ತವೆ. ಸುಮ್ಮನೆ ಕೂರಲಾರದ ಹುಡುಗ ಹುಡುಗಿಯರು ಹಿತ್ತಿಲ ಶೆಡ್ಡು ಹೊಕ್ಕು ಸೋಲ್ಡರಿಂಗ್ ಐರನ್, ಸ್ಕ್ರೂ ಡ್ರೈವರ್, ಕೆಟ್ಟ ಫ್ಯಾನಿನ ಮೋಟಾರುಗಳನ್ನು ಹರಡಿಕೊಳ್ಳುತ್ತಾರೆ. ಆದರೆ ತಗಡಿನ ಸೂರಿನ ಕೆಳಗೆ ಬೆಳಗಿನ ಹನ್ನೊಂದರ ಮೇಲೆ ಕೂರುವುದು ಯಾರಿಂದ ಸಾಧ್ಯ? ಬೇಸಿಗೆಯಲ್ಲಿ ಕಲಬುರಗಿ, ರಾಯಚೂರುಗಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ತಂಪಿನ ಊರೆಂದು ಹೆಸರಾದ ಬೆಂಗಳೂರು ಕೂಡ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಯನ್ನು ಕಂಡಿತು. ಇಂಥ ಹೊತ್ತಿನಲ್ಲೇ, ನೆಂಟರು ಹೊಸದನ್ನು ಕೊಂಡು ಮೂಲೆಗೆ ಹಾಕಿದ ಹಳೆಯ ವಿಂಡೋ ಎ.ಸಿ.ಯ ಮೇಲೆ ಮಕ್ಕಳ ಕಣ್ಣು ಬೀಳುತ್ತದೆ. ‘ಗುಜರಿಗೆ ಹಾಕೋ ಬದಲು ಶೆಡ್ಡಿಗೆ ಹಾಕೋಣ ಅಪ್ಪಾ’ ಎಂಬ ಬೇಡಿಕೆ ಬರುತ್ತದೆ.

ಬೇಡಿಕೆಯೇನೂ ತಪ್ಪಲ್ಲ. ಹಾಗೆ ನೋಡಿದರೆ ಈ ಯಂತ್ರ ಹುಟ್ಟಿದ್ದೇ ವರ್ಕ್‌ಶಾಪಿಗಾಗಿ. ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜಾಗ ತಪ್ಪುತ್ತಿದ್ದವು. ಇದಕ್ಕೆ ಪರಿಹಾರವಾಗಿ 25 ವರ್ಷದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ 1902ರಲ್ಲಿ ರೂಪಿಸಿದ ವ್ಯವಸ್ಥೆಯೇ ಇಂದಿನ ಎ.ಸಿ.ಗಳ ಮೂಲಪುರುಷ. ಮನುಷ್ಯರಿಗೆ ಹಿತವಾದದ್ದು ಆಮೇಲಿನ ಮಾತು!

ಎ.ಸಿ. ‘ತಂಪನ್ನು ತಯಾರಿಸುತ್ತದೆ’ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಮಾಡುವುದು ಕೂಲಿಯ ಕೆಲಸ ಅಷ್ಟೇ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ತೂತು ಬಿದ್ದ ದೋಣಿಯಿಂದ ನೀರು ಮೊಗೆದು ಚೆಲ್ಲುವ ಅಂಬಿಗನನ್ನು ನೆನೆಸಿಕೊಳ್ಳಿ. ತೂತು ದೊಡ್ಡದಾದರೆ ಎಷ್ಟು ಮೊಗೆದರೂ ದೋಣಿ ಬರಿದಾಗದು. ಆದ್ದರಿಂದ ಯಂತ್ರಕ್ಕಿಂತ ಮೊದಲು ಶೆಡ್ಡಿನ ತೂತುಗಳನ್ನು ನೋಡಬೇಕು.

ಒಂದು ಲೆಕ್ಕ ಮಾಡೋಣ. ಹತ್ತಡಿಗೆ ಹನ್ನೆರಡಡಿಯ ಶೆಡ್ಡಿನ ಚಾವಣಿ ಸುಮಾರು 11 ಚದರ ಮೀಟರ್. ನಡುಹಗಲಿನ ಬಿಸಿಲು ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋವಾಟ್ ಶಕ್ತಿ ಸುರಿಸುತ್ತದೆ. ಎಂದರೆ ಆ ತಗಡಿನ ಮೇಲೆ ಬೀಳುವುದು 11 ಕಿಲೋವಾಟ್. ಇನ್ನು ಎ.ಸಿ.ಯ ‘ಟನ್’ ಎಂಬ ಮಾತು ಅದರ ತೂಕವಲ್ಲ. ಅಮೆರಿಕನ್ನರ ಒಂದು ಟನ್, ಅಂದರೆ 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ದರ ಅದು. ಸುಮಾರು ಮೂರೂವರೆ ಕಿಲೋವಾಟ್. ಒಂದೂವರೆ ಟನ್ನಿನ ಯಂತ್ರ ಹೊಸದರಲ್ಲಿ ಐದೂಕಾಲು ಕಿಲೋವಾಟ್ ಶಾಖ ಹೊರಹಾಕೀತು. ಮುದಿಯಾದ ಮೇಲೆ ಇನ್ನೂ ಕಡಿಮೆ. ಬಿಸಿಲೆಲ್ಲವೂ ಒಳಗಿಳಿಯುವುದಿಲ್ಲ ನಿಜ. ಆದರೂ ಕಾದ ತಗಡಿನೊಡನೆ ಜಿದ್ದಿಗೆ ಬಿದ್ದ ಈ ಮುದುಕನ ಪಾಡು ಏನೆಂದು ಊಹಿಸಬಹುದು. ಚಾವಣಿಗೆ ಸುಣ್ಣವನ್ನೋ ಬಿಳಿಯ ಬಣ್ಣವನ್ನೋ ಬಳಿದರೆ ಬಿಸಿಲಿನ ಅರ್ಧಕ್ಕೂ ಹೆಚ್ಚು ಭಾಗ ಮೇಲಿಂದ ಮೇಲೆಯೇ ಹಿಂದಿರುಗುತ್ತದೆ. ತಗಡಿಗೂ ಗೋಡೆಗೂ ನಡುವಿನ ಸಂದುಗಳನ್ನು ಮುಚ್ಚಿ. ಸೂರಿನಡಿ ಥರ್ಮೋಕೋಲ್ ಮಾತ್ರ ಬೇಡ. ವೆಲ್ಡಿಂಗ್ ಕಿಡಿ ಹಾರುವ ಕಡೆ ಅದು ಬೆಂಕಿಗೆ ಆಹ್ವಾನ. ಈ ಶೃಂಗಾರ ಮುಗಿದ ಮೇಲೆ ಒಂದು ಫ್ಯಾನೇ ಸಾಕೆನಿಸಿದರೂ ಆಶ್ಚರ್ಯವಿಲ್ಲ.

ಆಮೇಲೂ ಎ.ಸಿ. ಬೇಕೆಂದರೆ, ಅದರ ಬೆನ್ನು ಬಯಲಿಗೆ ಇರಬೇಕು. ಪಕ್ಕದ ಉಗ್ರಾಣಕ್ಕಲ್ಲ, ಮುಚ್ಚಿದ ವರಾಂಡಕ್ಕಲ್ಲ. ಒಳಗಿನಿಂದ ಎತ್ತಿದ ಐದು ಕಿಲೋವಾಟ್, ತಾನು ನುಂಗಿದ ವಿದ್ಯುತ್ತಿನ ಎರಡು ಕಿಲೋವಾಟ್, ಒಟ್ಟು ಏಳನ್ನೂ ಅದು ಬೆನ್ನಿನಿಂದ ಕಾರುತ್ತದೆ. ಕಿಟಕಿಯ ಸರಳು ಕತ್ತರಿಸುವ ಗೋಜೇಕೆಂದು ಇಡೀ ಯಂತ್ರವನ್ನು ಕೋಣೆಯೊಳಗೇ ಮೇಜಿನ ಮೇಲಿಟ್ಟರೆ? ಮುಂದೆ ತಂಪು, ಹಿಂದೆ ಬಿಸಿ, ಒಟ್ಟಾರೆ ನೀವು ಕೊಂಡದ್ದು ಎರಡು ಕಿಲೋವಾಟಿನ ಹೀಟರ್! ಫ್ರಿಜ್ ಬಾಗಿಲು ತೆರೆದಿಟ್ಟರೆ ಅಡುಗೆಮನೆ ತಣ್ಣಗಾಗುವುದೇ ಎಂಬ ಪ್ರಶ್ನೆಗೂ ಇದೇ ಉತ್ತರ.

ತಂದೆತಾಯಂದಿರು ನಿಜವಾಗಿ ಚಿಂತಿಸಬೇಕಾದದ್ದು ವೈರಿನ ಬಗ್ಗೆ. ಇಂಥ ಯಂತ್ರ ಓಡುವಾಗ ಒಂಬತ್ತು ಆಂಪಿಯರ್‌ನಷ್ಟು ವಿದ್ಯುತ್ ಎಳೆಯುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಶೆಡ್ಡಿನ ಒಂದು ಬಲ್ಬು, ಒಂದು ಫ್ಯಾನಿಗೆಂದು ಎಳೆದ ತೆಳು ವೈರು ಇದನ್ನು ತಾಳಲಾರದು. ಎಕ್ಸ್‌ಟೆನ್ಷನ್ ಬಾಕ್ಸಿನ ಮಾತಂತೂ ಎತ್ತಲೇಬೇಡಿ. ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ ಎಳೆದ 4 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೆ ತಕ್ಕ ಎಂ.ಸಿ.ಬಿ., 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್, ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ. ಇವಿಷ್ಟನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಹಾಕಿಸಿ. ಪುಕ್ಕಟೆ ಬಂದ ಎ.ಸಿ.ಗೆ ಇಷ್ಟೊಂದು ಖರ್ಚೇ ಎನ್ನಬೇಡಿ. ಇದನ್ನು ಉಳಿಸಲು ಹೋದವರ ಮನೆಯಲ್ಲಿ ವೈರು ಗೋಡೆಯೊಳಗೇ ಕರಕಲಾಗುತ್ತದೆ, ಹೊಗೆ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಬಿಲ್ಲಿನ ಲೆಕ್ಕವೂ ಇದೆ. ದಿನಕ್ಕೆ ಆರು ಗಂಟೆ ಕಂಪ್ರೆಸರ್ ಓಡಿದರೆ 12 ಯೂನಿಟ್, ತಿಂಗಳಿಗೆ 360. ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಮಿತಿ 200 ಯೂನಿಟ್ ಎಂಬುದನ್ನು ಇಲ್ಲಿ ನೆನೆಯಬೇಕು. ಉಷ್ಣತೆಯನ್ನು 16ಕ್ಕೆ ತಿರುಗಿಸಿದರೆ ಬೇಗ ತಂಪಾಗುವುದೆಂಬುದು ಭ್ರಮೆ. ಕಂಪ್ರೆಸರ್ ಓಡುವುದು ಅದೇ ವೇಗದಲ್ಲಿ, ನಿಲ್ಲುವುದು ಮಾತ್ರ ತಡವಾಗಿ. ಕೈಕೆಲಸಕ್ಕೆ 26 ಡಿಗ್ರಿ ಧಾರಾಳವಾಯಿತು.

ಹಳೆಯ ಯಂತ್ರದಲ್ಲಿ ಮಕ್ಕಳು ಏನು ಮಾಡಬಹುದು? ಪ್ಲಗ್ ಕಿತ್ತ ಮೇಲೆ ಫಿಲ್ಟರ್ ತೊಳೆಯಬಹುದು, ಹಿಂಬದಿಯ ತೆಳು ತಗಡುಗಳ ಧೂಳನ್ನು ಮೆದು ಬ್ರಷ್‌ನಿಂದ ತೆಗೆಯಬಹುದು. ಕಣಜದ ಗೂಡೋ ಇಲಿಯ ಸಂಸಾರವೋ ಇದೆಯೇ ನೋಡಬಹುದು. ಒಳಗಿನ ಪೆಟ್ಟಿಗೆ ಬಿಚ್ಚುವುದು ಸಲ್ಲದು. ಅಲ್ಲಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಗ್ಯಾಸಿನ ಕೊಳವೆಯೂ ಮೆಕ್ಯಾನಿಕ್‌ಗೇ ಮೀಸಲು. ಹಳೆಯ ವಿಂಡೋ ಎ.ಸಿ.ಗಳಲ್ಲಿರುವುದು ಸಾಮಾನ್ಯವಾಗಿ ಆರ್-22. ಓಜೋನ್ ಪದರಕ್ಕೆ ಕೇಡೆಂದು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ನಮ್ಮಂಥ ದೇಶಗಳು 2030ರ ಹೊತ್ತಿಗೆ ಇದನ್ನು ಕೈಬಿಡಬೇಕಾಗಿದೆ. ಈ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ವರ್ಷ ವರ್ಷ ‘ಗ್ಯಾಸ್ ಹೊಡೆಸುವ’ ಯಂತ್ರವನ್ನು ಬಿಟ್ಟುಬಿಡುವುದೇ ಲೇಸು.

ಮಲಗುವ ಕೋಣೆಗೂ ವರ್ಕ್‌ಶಾಪಿಗೂ ಇನ್ನೊಂದು ವ್ಯತ್ಯಾಸವಿದೆ. ಎ.ಸಿ. ಹೊರಗಿನ ಗಾಳಿಯನ್ನು ತರುವುದು ತೀರ ಅಲ್ಪ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತದೆ. ಸೋಲ್ಡರಿಂಗ್ ಹೊಗೆ, ಮರದ ಪುಡಿ, ಥಿನ್ನರ್ ವಾಸನೆ ಎಲ್ಲವೂ ಒಳಗೇ ಉಳಿಯುತ್ತವೆ. ಥಿನ್ನರ್ ಆವಿ ತುಂಬಿದ ಕೋಣೆಯಲ್ಲಿ ಸ್ವಿಚ್ಚಿನ ಒಂದು ಕಿಡಿಯೇ ಸಾಕು. ಬಣ್ಣ ಹೊಡೆಯುವುದು, ಮರ ಉಜ್ಜುವುದು ಮೊದಲಾದವನ್ನು ಸಂಜೆ ಬಯಲಿನಲ್ಲಿಯೇ ಮಾಡಬೇಕು.

ಪ್ರಾಜೆಕ್ಟ್ ಹುಡುಕುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಅವಕಾಶವಿದೆ. ಯಂತ್ರ ಗಾಳಿ ಎಳೆಯುವಲ್ಲಿ ಒಂದು, ಊದುವಲ್ಲಿ ಒಂದು ಥರ್ಮಾಮೀಟರ್ ಇಡಿ. ಆರೋಗ್ಯವಾಗಿರುವ ಎ.ಸಿ.ಯಲ್ಲಿ ಎರಡಕ್ಕೂ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಅಂತರವಿರುತ್ತದೆ. ಹಿಂದೆ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಂಟೆಗೆ ಎಷ್ಟೆಂದು ಬರೆದಿಡಿ. ಗಾಳಿಯ ತೇವ ಒಂದು ಲೀಟರ್ ನೀರಾಗುವಾಗ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ ಶಾಖ ಬಿಡುತ್ತದೆ. ಅದನ್ನೂ ಯಂತ್ರವೇ ಹೊರಬೇಕು. ಮಂಗಳೂರಿನಲ್ಲಿ ಗಂಟೆಗೆ ಎರಡು ಲೀಟರ್ ಸುರಿದರೆ ಒಂದೂವರೆ ಟನ್ನಿನ ಕಾಲುಭಾಗ ಬರೀ ನೀರು ಹಿಂಡುವುದಕ್ಕೇ ಹೋಯಿತು. ಕಲಬುರಗಿಯ ಒಣ ಬೇಸಿಗೆಯಲ್ಲಿ ಬಕೆಟ್ಟಿನ ತಳ ಒದ್ದೆಯಾದರೆ ಹೆಚ್ಚು. ಅಲ್ಲಿ ನೀರು ಹಾಕುವ ಕೂಲರ್ ಬಹಳ ಕಡಿಮೆ ವಿದ್ಯುತ್ತಿನಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. ಅದೇ ಕೂಲರ್ ಮಂಗಳೂರಿನಲ್ಲಿ ಸೆಕೆಯನ್ನು ಹೆಚ್ಚಿಸೀತು.

ಬಕೆಟ್ಟಿನ ನೀರನ್ನು ಗಿಡಗಳಿಗೆ ಹಾಕಬಹುದು. ‘ಡಿಸ್ಟಿಲ್ಡ್ ವಾಟರ್’ ಎಂದು ನಂಬಿ ಇನ್ವರ್ಟರ್ ಬ್ಯಾಟರಿಗೆ ಸುರಿಯುವವರಿದ್ದಾರೆ. ಕೊಳವೆಯ ಲೋಹದ ಅಂಶ, ಧೂಳು ಎರಡೂ ಅದರಲ್ಲಿ ಇರುವುದರಿಂದ ಬ್ಯಾಟರಿಗೆ ಅಂಗಡಿಯ ನೀರನ್ನೇ ತರಬೇಕು.