‘ಇನ್’, ‘ಆನ್’, ‘ಅಟ್’: ವ್ಯವಹಾರ ಪತ್ರಗಳಲ್ಲಿ ಸ್ಥಳಸೂಚಕ ಪದಗಳ ಆಯ್ಕೆ

ಕನ್ನಡದ ಸಪ್ತಮೀ ವಿಭಕ್ತಿಯು ಬಹು ಉದಾರವಾದುದು. ಗೋದಾಮಿನಲ್ಲಿ, ಲಾರಿಯಲ್ಲಿ, ರಸ್ತೆಯಲ್ಲಿ, ಹೊಸಪೇಟೆಯಲ್ಲಿ ಎಂಬ ಎಲ್ಲ ಸಂದರ್ಭಗಳಿಗೂ ‘ಅಲ್ಲಿ’ ಎಂಬ ಒಂದೇ ಪ್ರತ್ಯಯ ಸಾಕಾಗುತ್ತದೆ. ಇಂಗ್ಲಿಷ್ ಭಾಷೆಯು ಇದೇ ಕೆಲಸವನ್ನು ‘ಇನ್’, ‘ಆನ್’, ‘ಅಟ್’ ಎಂಬ ಮೂರು ಪದಗಳಿಗೆ ಹಂಚಿಕೊಟ್ಟಿದೆ. ಮಾತಿನಲ್ಲಿ ಇವು ಅದಲುಬದಲಾದರೆ ಯಾರಿಗೂ ನಷ್ಟವಿಲ್ಲ. ವಿಮಾ ಪಾಲಿಸಿ, ಕ್ರಯಪತ್ರ ಹಾಗೂ ರಫ್ತು ಕರಾರುಗಳಲ್ಲಿ ಅದಲುಬದಲಾದರೆ ನಷ್ಟವು ರೂಪಾಯಿಗಳಲ್ಲಿ ಬರುತ್ತದೆ.

ಎಲ್ಲೆಯುಳ್ಳ ಆವರಣದ ಒಳಗಿರುವುದಕ್ಕೆ ‘ಇನ್’, ಮೇಲ್ಮೈಗೆ ಅಥವಾ ಗೆರೆಗೆ ತಾಗಿರುವುದಕ್ಕೆ ‘ಆನ್’, ಗುರುತಿಸಿದ ಒಂದು ಬಿಂದುವಿಗೆ ‘ಅಟ್’. ತುಂಗಭದ್ರೆಯನ್ನೇ ನೋಡಬಹುದು. ನದಿಯನ್ನು ಗೆರೆಯೆಂದು ಭಾವಿಸಿ, ಕಂಪ್ಲಿಯು ನದಿಯ ‘ಆನ್’ ಇದೆ ಎನ್ನುತ್ತಾರೆ. ‘ಇನ್’ ಎಂದರೆ ಊರು ಮುಳುಗಿತೆಂದೇ ಅರ್ಥ. ಅಣೆಕಟ್ಟು ನದಿಗೆ ಅಡ್ಡಲಾಗಿರುವುದರಿಂದ ‘ಅಕ್ರಾಸ್’, ಸೇತುವೆ ನೇರ ಮೇಲಿರುವುದರಿಂದ ‘ಓವರ್’. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ‘ಅಂಡರ್’ ಆಗುವುದೂ ಉಂಟು! ಜಲಾಶಯದ ಪೂರ್ಣ ಮಟ್ಟವಾದ 1,633 ಅಡಿಯು ಸಮುದ್ರ ಮಟ್ಟಕ್ಕಿಂತ ‘ಎಬೌ’. ಅದು ಸಮುದ್ರದ ನೇರ ಮೇಲಿಲ್ಲವಾದ್ದರಿಂದ ಇಲ್ಲಿ ‘ಓವರ್’ ಸಲ್ಲದು.

ದಿಕ್ಕುಗಳನ್ನು ಹೇಳುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಹೊಸಪೇಟೆಯು ವಿಜಯನಗರ ಜಿಲ್ಲೆಯ ಉತ್ತರ ಭಾಗದೊಳಗೇ ಇರುವುದರಿಂದ ‘ಇನ್ ದ ನಾರ್ತ್’. ಆನೆಗೊಂದಿಯು ಹಂಪಿಯ ಹೊರಗೆ, ಹೊಳೆಯಾಚೆ ಇರುವುದರಿಂದ ‘ಟು ದ ನಾರ್ತ್’. ಬಳ್ಳಾರಿ ಜಿಲ್ಲೆಯು ವಿಜಯನಗರ ಜಿಲ್ಲೆಯ ಪೂರ್ವದ ಗಡಿಗೆ ತಾಗಿರುವುದರಿಂದ ‘ಆನ್ ದ ಈಸ್ಟ್’. ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಆನ್’ ಪ್ರಯೋಗಿಸುವುದು ಇದೇ ಕಾರಣದಿಂದ. ನಿವೇಶನದ ಪೂರ್ವಕ್ಕೆ ರಸ್ತೆಯು ‘ಟು’ ಇದೆ ಎಂದು ಬರೆದರೆ ನಡುವೆ ಬೇರೊಬ್ಬರ ಪಟ್ಟಿ ಭೂಮಿಯಿರುವ ಸಂದೇಹಕ್ಕೆ ಎಡೆಯಾಗುತ್ತದೆ. ಸಾಲ ನೀಡುವ ಬ್ಯಾಂಕಿನ ವಕೀಲರು ಮೊದಲು ಬೆರಳಿಡುವುದು ಅಲ್ಲಿಯೇ. ‘ನಿಯರ್’, ‘ಅಡ್ಜೇಸೆಂಟ್’ ಪದಗಳೂ ತಾಗಿಕೊಂಡಿದೆ ಎಂಬ ಖಾತರಿಯನ್ನು ಕೊಡಲಾರವು. ‘ಅಬಟಿಂಗ್’ ಎಂದರೆ ಮಾತ್ರ ಅಂಚಿಗೆ ಅಂಚು ಸೇರಿದೆಯೆಂದು ಅರ್ಥ.

ಜಿಲ್ಲೆಗೆ ಯಾವಾಗಲೂ ‘ಇನ್’ ಎಂಬುದರಲ್ಲಿ ಗೊಂದಲವಿಲ್ಲ. ಯಾವ ಜಿಲ್ಲೆ ಎಂಬುದರಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ, ಹಂಪಿಗಳು ಅದರಲ್ಲಿ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಕಂಪ್ಲಿಯು ಹಿಂದೆ ಹೊಸಪೇಟೆ ತಾಲ್ಲೂಕಿಗೆ ಸೇರಿದ್ದುದರಿಂದ ಹಳೆಯ ರಬ್ಬರ್ ಸ್ಟಾಂಪುಗಳನ್ನು ಒಮ್ಮೆ ಪರಿಶೀಲಿಸುವುದು ಒಳಿತು.

ವಿಮೆಯ ವಿಷಯ ಹೆಚ್ಚು ಗಂಭೀರವಾದುದು. ಕಂಪ್ಲಿಯ ಅಕ್ಕಿ ಗಿರಣಿಯೊಂದರ ದಾಸ್ತಾನು ಪಾಲಿಸಿಯಲ್ಲಿ ‘ಇನ್ ಗೋಡೌನ್’ ಎಂದು ನಮೂದಾಗಿದೆ ಎನ್ನೋಣ. ಸುಗ್ಗಿಯಲ್ಲಿ ಭತ್ತದ ಚೀಲಗಳು ಅಂಗಳಕ್ಕೂ ಹರಡುತ್ತವೆ. ಬೆಂಕಿ ಬಿದ್ದರೆ ಅಂಗಳದ ಚೀಲಗಳು ಗೋದಾಮಿನ ‘ಇನ್’ ಇರಲಿಲ್ಲವೆಂಬ ಆಕ್ಷೇಪವನ್ನು ಸರ್ವೇಯರ್ ಎತ್ತಬಹುದು. ‘ಅಟ್ ದ ಪ್ರೆಮಿಸಸ್’ ಎಂಬುದು ಇಡೀ ನೆಲೆಯನ್ನು ಸೂಚಿಸುವ ವಿಶಾಲವಾದ ಪದಪುಂಜ. ಆದರೂ ಬಯಲಲ್ಲಿರಿಸಿದ ಸರಕನ್ನು ಪ್ರತ್ಯೇಕವಾಗಿ ತಿಳಿಸಿ ಬರೆಸಿಕೊಳ್ಳುವುದೇ ಕ್ಷೇಮ. ಕಂತು ತುಸು ಹೆಚ್ಚಾದರೂ ಆಗಲಿ.

ರಫ್ತಿನಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ‘ಇನ್‌ಕೋಟರ್ಮ್ಸ್’ ನಿಯಮಾವಳಿಯು ಇಂತಹ ಪದಗಳ ಮೇಲೆಯೇ ನಿಂತಿದೆ. ಸರಕು ಹಡಗಿನ ಪಕ್ಕ, ಅಂದರೆ ‘ಅಲಾಂಗ್‌ಸೈಡ್’ ಬಂದೊಡನೆ ಮಾರಾಟಗಾರನ ಹೊಣೆ ಮುಗಿದರೆ ಅದು ಎಫ್‌ಎಎಸ್. ಎಫ್‌ಒಬಿ ಕರಾರಿನಲ್ಲಿ ಮೊದಲು ಸರಕು ಹಡಗಿನ ಅಂಚಿನ ಕಟಕಟೆಯನ್ನು ದಾಟಿದರೆ ಸಾಕಿತ್ತು. 2011ರ ಜನವರಿ 1ರಿಂದ ಜಾರಿಗೆ ಬಂದ 2010ರ ಆವೃತ್ತಿಯು ಕಟಕಟೆಯನ್ನು ಕೈಬಿಟ್ಟು, ಸರಕು ‘ಆನ್ ಬೋರ್ಡ್’ ಇಳಿದಿರಬೇಕೆಂದು ವಿಧಿಸಿತು. ಕ್ರೇನಿನಿಂದ ಜಾರಿದ ಸರಕು ಕಟಕಟೆಯನ್ನು ದಾಟಿ ಡೆಕ್ಕಿಗೆ ಅಪ್ಪಳಿಸಿದರೆ, ಹಳೆಯ ನಿಯಮದಂತೆ ನಷ್ಟ ಕೊಳ್ಳುವವನದು, ಹೊಸ ನಿಯಮದಂತೆ ಮಾರುವವನದು. 2020ರ ಆವೃತ್ತಿಯಲ್ಲೂ ಇದೇ ಮುಂದುವರಿದಿದೆ.

ಕಂಟೇನರಿನಲ್ಲಿ ಅಕ್ಕಿ ಕಳುಹಿಸುವವರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅವರ ಸರಕು ಟರ್ಮಿನಲ್ಲಿನ ‘ಅಟ್’ ಸಾಗಣೆದಾರನ ಕೈಸೇರಿ, ಕೆಲವು ದಿನಗಳ ಮೇಲೆ ‘ಆನ್ ಬೋರ್ಡ್’ ಆಗುತ್ತದೆ. ಎಫ್‌ಒಬಿ ಎಂದು ಬರೆದರೆ ಆ ನಡುವಿನ ದಿನಗಳ ಅಪಾಯವೆಲ್ಲ ಮಾರುವವನ ತಲೆಗೇ ಬೀಳುತ್ತದೆ. ಎಫ್‌ಸಿಎ ಎಂದು ಬರೆದು, ಹಸ್ತಾಂತರದ ಸ್ಥಳದ ಹೆಸರನ್ನೂ ನಿಯಮಾವಳಿಯ ವರ್ಷವನ್ನೂ ಸೇರಿಸಿದರೆ, ಸಾಗಣೆದಾರನಿಗೆ ಒಪ್ಪಿಸಿದಲ್ಲಿಗೆ ಅವನ ಅಪಾಯ ಮುಗಿಯುತ್ತದೆ.